ಬೆಳಗಾವಿಯ ಫಡೆಪ್ಪ ಚೌಗುಲೆ: 2 ಗಂಟೆ 50 ನಿಮಿಷ 45 ಸೆಕೆಂಡು

ಓಟದ ಮಾತು ಬಂದರೆ ನಮಗೆಲ್ಲ ಮೊದಲು ನೆನಪಾಗುವ ಹೆಸರುಗಳು ಮಿಲ್ಖಾ ಸಿಂಗ್ ಮತ್ತು ಪಿ.ಟಿ. ಉಷಾ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮಿಲ್ಖಾ ನಾಲ್ಕನೆಯವರಾದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಉಷಾ ಸೆಕೆಂಡಿನ ನೂರರಲ್ಲಿ ಒಂದು ಭಾಗದಿಂದ ಪದಕ ಕಳೆದುಕೊಂಡರು. ಇವರ ಕಥೆಗಳನ್ನು ಶಾಲೆಯಿಂದಲೂ ಕೇಳುತ್ತಾ ಬಂದಿದ್ದೇವೆ. ಆದರೆ ಇವರಿಬ್ಬರಿಗಿಂತ ಬಹಳ ಮೊದಲು, ಸ್ವಾತಂತ್ರ್ಯ ಬರುವುದಕ್ಕೆ 27 ವರ್ಷ ಮುಂಚೆ, ನಮ್ಮ ಕರ್ನಾಟಕದ ಬೆಳಗಾವಿಯ ಒಬ್ಬ ಯುವಕ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿ ಮುಗಿಸಿದ್ದರು. ಅವರ ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ಒಲಿಂಪಿಕ್ ಮ್ಯಾರಥಾನ್ ಪೂರೈಸಿದ ಮೊದಲ ಭಾರತೀಯ ಅವರೇ. ಅವರು ಗೆಲ್ಲಲಿಲ್ಲ, ಪದಕವನ್ನೂ ತರಲಿಲ್ಲ. ಅವರ ಮೇಲೆ ಯಾವ ನಿರೀಕ್ಷೆ ಇತ್ತೋ ಅದು ಗಡಿಯಾರದ ಲೆಕ್ಕದಲ್ಲಿ ಈಡೇರಲಿಲ್ಲ. ಆದರೂ ಅವರ ಬಗ್ಗೆ ಈ ಸಂಚಿಕೆಯಲ್ಲಿ ಬರೆಯಬೇಕು ಎಂದು ನನಗೆ ಅನಿಸಿತು. ಏಕೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಅವರ ಹೆಸರಿನ ಬಗ್ಗೆ ಎರಡು ಮಾತು. ಚೌಗುಲೆ ಎಂಬುದು ಹಳೆಯ ಕಾಲದಲ್ಲಿ ಹಳ್ಳಿಯ ಪಾಟೀಲರಿಗೆ ಸಹಾಯಕನಾಗಿದ್ದವನ ಹುದ್ದೆಯ ಹೆಸರು. ಮರಾಠಿ ಮಾತನಾಡುವ ಊರುಗಳಲ್ಲಿ ಅದು ಹೆಚ್ಚು ಕೇಳಿಬರುತ್ತದೆ. ಆದರೆ ಫಡೆಪ್ಪ, ದರೆಪ್ಪ ಎಂಬ ಹೆಸರುಗಳ ಕೊನೆಯಲ್ಲಿರುವ 'ಅಪ್ಪ' ನಮ್ಮ ಕನ್ನಡದ್ದು. ಒಂದೇ ಹೆಸರಿನಲ್ಲಿ ಎರಡು ಭಾಷೆಗಳು ಹೀಗೆ ಒಟ್ಟಿಗೆ ಇರುವುದು ಕೆಲವರಿಗೆ ವಿಚಿತ್ರ ಅನಿಸಬಹುದು. ನನಗೆ ಹಾಗೆ ಅನಿಸಲಿಲ್ಲ. ನಮ್ಮ ಮನೆಯಲ್ಲಿ ಉರ್ದು, ತರಗತಿಯಲ್ಲಿ ಕನ್ನಡ, ಬಸ್ಸಿನಲ್ಲಿ ಮತ್ತು ಮೀನು ಮಾರುಕಟ್ಟೆಯಲ್ಲಿ ತುಳು. ಬೆಳಗಾವಿಯೂ ಅಂಥದೇ ಊರು. ಚೌಗುಲೆಯವರು ಓಡುತ್ತಿದ್ದ ಕಾಲದಲ್ಲಿ ಬೆಳಗಾವಿ ಜಿಲ್ಲೆ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತು. ಹಾಗಾಗಿ ಅಲ್ಲಿಯ ಕ್ರೀಡಾಪಟುಗಳಿಗೆ ದೊಡ್ಡ ಸ್ಪರ್ಧೆ ಎಂದರೆ ಪುಣೆ. ಚೌಗುಲೆಯವರ ಕಥೆಯೂ ಪುಣೆಯ ಮೂಲಕವೇ ಸಾಗುತ್ತದೆ.

ಪುಣೆಯಲ್ಲಿ ಡೆಕ್ಕನ್ ಜಿಮ್ಖಾನಾ ಎಂಬ ಕ್ರೀಡಾ ಸಂಸ್ಥೆ ಇದೆ. 1919ರಲ್ಲಿ ಅದರ ಅಧ್ಯಕ್ಷರಾಗಿದ್ದವರು ಸರ್ ಡೊರಾಬ್ಜಿ ಟಾಟಾ. ಕಾಮರ್ಸ್ ವಿದ್ಯಾರ್ಥಿಗಳಿಗೆ ಇವರ ಪರಿಚಯ ಹೆಚ್ಚು ಬೇಕಿಲ್ಲ. ಟಾಟಾ ಸಂಸ್ಥೆಗಳನ್ನು ಸ್ಥಾಪಿಸಿದ ಜಮ್‌ಶೇಟ್‌ಜಿ ಟಾಟಾ ಅವರ ಹಿರಿಯ ಮಗ ಇವರು. ತಂದೆ ಕನಸು ಕಂಡ ಉಕ್ಕಿನ ಕಾರ್ಖಾನೆಯನ್ನು ಕಟ್ಟಿದವರು. ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯೂ ತಂದೆಯ ಕನಸಾಗಿದ್ದು, ಅವರು ತೀರಿಕೊಂಡ ಮೇಲೆ 1909ರಲ್ಲಿ ಆರಂಭವಾಯಿತು. ಡೊರಾಬ್ಜಿ ಕೇಂಬ್ರಿಡ್ಜ್‌ನಲ್ಲಿ ಓದಿದವರು. ಇಂಗ್ಲೆಂಡಿನ ವಿದ್ಯಾರ್ಥಿಗಳು ಪಾಠದಷ್ಟೇ ಆಟಕ್ಕೂ ಬೆಲೆ ಕೊಡುವುದನ್ನು ಅಲ್ಲಿ ಕಂಡಿದ್ದರು. ಭಾರತದಲ್ಲೂ ಹಾಗಾಗಬೇಕೆಂಬ ಆಸೆ ಅವರಿಗಿತ್ತು.

ಪುಣೆಯ ಆ ಕ್ರೀಡಾಕೂಟದಲ್ಲಿ ಅವರ ಗಮನ ಸೆಳೆದದ್ದು ದೂರದ ಓಟ. ಓಡಿದವರಲ್ಲಿ ಹೆಚ್ಚಿನವರು ಹಳ್ಳಿಯಿಂದ ಬಂದ ರೈತ ಕುಟುಂಬಗಳ ಹುಡುಗರು. ಕಾಲಲ್ಲಿ ಬೂಟು ಇಲ್ಲ, ತರಬೇತುದಾರ ಇಲ್ಲ, ವಿಶೇಷ ಆಹಾರ ಇಲ್ಲ. ಆದರೂ ಅವರು ಓಡಿ ಮುಗಿಸಿದ ಸಮಯವನ್ನು ನೋಡಿದಾಗ ಟಾಟಾರವರಿಗೆ ಆಶ್ಚರ್ಯವಾಯಿತು. ಯುರೋಪಿನ ಓಟಗಾರರ ಸಮಯದ ಪಕ್ಕದಲ್ಲಿ ಇಡಬಹುದಾದ ಸಮಯ ಅದು ಎಂದು ಅವರಿಗೆ ಅನಿಸಿತು. ಬರಿಗಾಲಿನಲ್ಲೇ ಇಷ್ಟು ಓಡುವವರಿಗೆ ಒಳ್ಳೆಯ ಊಟ ಮತ್ತು ಸರಿಯಾದ ತರಬೇತಿ ಕೊಟ್ಟರೆ ಹೇಗಿರಬಹುದು? ಇವರಲ್ಲಿ ಅತ್ಯುತ್ತಮರಾದ ಮೂವರನ್ನು ಮುಂದಿನ ಒಲಿಂಪಿಕ್ಸ್‌ನ ಮ್ಯಾರಥಾನ್‌ಗೆ ಕಳಿಸೋಣ ಎಂದು ಅವರು ಮುಂದೆ ಬಂದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಭಾರತದಿಂದ ಒಲಿಂಪಿಕ್ಸ್‌ಗೆ ತಂಡ ಕಳಿಸುವ ಯೋಚನೆ ಹುಟ್ಟಿದ್ದೇ ಮ್ಯಾರಥಾನ್‌ನಿಂದ, ಅದೂ ಓಟದ ಸಮಯವನ್ನು ನೋಡಿ. ಹಾಕಿ ಆಮೇಲೆ ಬಂತು. ಅಂದರೆ ಚೌಗುಲೆಯವರು ಹಡಗು ಹತ್ತುವ ಮೊದಲೇ ಅವರ ಮುಂದೆ ಒಂದು ಗುರಿ ನಿಂತಿತ್ತು: ಯುರೋಪಿನವರ ಸಮಯಕ್ಕೆ ಸಮನಾಗಿ ಓಡಬೇಕು.

ಟಾಟಾರವರ ಮಾತು ಕೇಳಿ ಪುಣೆಯಲ್ಲಿ ಉತ್ಸಾಹ ಹೆಚ್ಚಿತು. ಮೂವರು ಓಟಗಾರರಷ್ಟೇ ಏಕೆ, ಒಂದು ಪೂರ್ಣ ತಂಡವನ್ನೇ ಕಳಿಸೋಣ ಎಂದು ದೇಶಾಭಿಮಾನಿಗಳು ಹೊರಟರು. ಬೊಂಬಾಯಿಯ ಗವರ್ನರ್ ಆಗಿದ್ದ ಸರ್ ಜಾರ್ಜ್ ಲಾಯ್ಡ್ ಅವರ ಸಹಾಯದಿಂದ ಭಾರತಕ್ಕೆ ಭಾಗವಹಿಸುವ ಅವಕಾಶ ಸಿಕ್ಕಿತು. ಒಂದು ಸಮಿತಿ ರಚನೆಯಾಯಿತು. ಆ ಸಮಿತಿಯ ಬಗ್ಗೆ ಟಾಟಾರವರೇ ಮುಂದೆ ಒಂದು ಪತ್ರದಲ್ಲಿ ನೆನಪಿಸಿಕೊಂಡ ಘಟನೆ ಓದಿದಾಗ ನನಗೆ ನಗು ಬಂತು. ಒಲಿಂಪಿಕ್ಸ್‌ಗೆ ಹೋಗಬೇಕಾದರೆ ಚಿಕ್ಕ ದೂರದ ಓಟವನ್ನು ಎಷ್ಟು ಸಮಯದಲ್ಲಿ ಓಡಬೇಕು ಎಂಬ ಪ್ರಶ್ನೆ ಬಂದಾಗ, ಸಮಿತಿಯ ಒಬ್ಬ ಗಣ್ಯರು ಅರ್ಧ ನಿಮಿಷದಿಂದ ಒಂದು ನಿಮಿಷ ಇರಬಹುದು ಎಂದರಂತೆ. ಅಲ್ಲಿ ಲೆಕ್ಕ ನಿಮಿಷದಲ್ಲಲ್ಲ, ಸೆಕೆಂಡಿನ ಹತ್ತನೇ ಭಾಗದಲ್ಲಿ ಎಂದು ತಿಳಿಸಿದಾಗ ಅವರು ಬೆರಗಾದರಂತೆ.

ನಗು ಬಂದರೂ ಆಮೇಲೆ ಯೋಚಿಸಿದೆ. ಆಗ ನಮ್ಮ ದೇಶದಲ್ಲಿ ಓಡುವವರು ಇದ್ದರು, ಆದರೆ ಸಮಯವನ್ನು ಅಳೆದು, ಬರೆದಿಟ್ಟು, ಹೋಲಿಸಿ ನೋಡುವ ಅಭ್ಯಾಸ ಇರಲಿಲ್ಲ. ಯಾರು ಮೊದಲು ಬಂದರು ಎಂಬುದಷ್ಟೇ ಮುಖ್ಯವಾಗಿತ್ತು. ಅಂಥ ದೇಶದಿಂದ ಒಬ್ಬ ಯುವಕ ಹೋಗಿ, ಸೆಕೆಂಡುಗಳನ್ನು ಎಣಿಸುವ ಜನರ ನಡುವೆ ನಿಂತ.

ಕೊನೆಗೆ ಆರಿಸಿದ ತಂಡದಲ್ಲಿ ಆರು ಮಂದಿ ಇದ್ದರು. ಓಟಕ್ಕೆ ಚೌಗುಲೆ, ಸದಾಶಿವ ದಾತಾರ್, ಕೈಕಾಡಿ ಮತ್ತು ಬಂಗಾಳದ ಪೂರ್ಮ ಬ್ಯಾನರ್ಜಿ. ಕುಸ್ತಿಗೆ ಕುಮಾರ್ ನವಲೆ ಮತ್ತು ರಣಧೀರ್ ಶಿಂಧೆ. ಮ್ಯಾರಥಾನ್‌ಗೆ ಚೌಗುಲೆ ಮತ್ತು ದಾತಾರ್. ಖರ್ಚಿನಲ್ಲಿ ಟಾಟಾರವರ ಕೈಯಿಂದ ಹೋದದ್ದು ದೊಡ್ಡ ಪಾಲು. ಬೊಂಬಾಯಿಯಲ್ಲಿ ಹಡಗು ಹತ್ತಿ ತಂಡ ಮೊದಲು ಇಂಗ್ಲೆಂಡಿಗೆ ಹೋಯಿತು, ಅಲ್ಲಿ ಕೆಲವು ವಾರ ಅಭ್ಯಾಸ ಮಾಡಿ ಬೆಲ್ಜಿಯಂಗೆ ತೆರಳಿತು.

ಬೆಲ್ಜಿಯಂ ಆಗ ಗಾಯಗೊಂಡ ದೇಶ. ಮೊದಲ ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಯುದ್ಧದಿಂದಾಗಿ 1916ರಲ್ಲಿ ಬರ್ಲಿನ್‌ನಲ್ಲಿ ನಡೆಯಬೇಕಿದ್ದ ಒಲಿಂಪಿಕ್ಸ್ ರದ್ದಾಗಿತ್ತು. ಯುದ್ಧದಲ್ಲಿ ಬಹಳ ನೊಂದ ಬೆಲ್ಜಿಯಂಗೆ ಗೌರವ ಸೂಚಿಸಲು 1920ರ ಕೂಟವನ್ನು ಅಲ್ಲಿಯ ಆಂಟ್‌ವರ್ಪ್ ನಗರಕ್ಕೆ ಕೊಟ್ಟರು. ಇಂದು ನಾವೆಲ್ಲ ಗುರುತಿಸುವ ಐದು ಬಳೆಗಳ ಧ್ವಜ ಒಲಿಂಪಿಕ್ಸ್‌ನಲ್ಲಿ ಮೊದಲು ಹಾರಿದ್ದು ಆಂಟ್‌ವರ್ಪ್‌ನಲ್ಲಿ. ಕ್ರೀಡಾಪಟುಗಳ ಪರವಾಗಿ ಪ್ರಮಾಣವಚನ ಸ್ವೀಕರಿಸುವ ಪದ್ಧತಿಯೂ ಅಲ್ಲೇ ಆರಂಭವಾಯಿತು. ಭಾರತದ ತಂಡ ಅಲ್ಲಿ ನಡೆದದ್ದು ಬ್ರಿಟಿಷ್ ಆಳ್ವಿಕೆಯ ಧ್ವಜದಡಿ. ಅದನ್ನು ಹಿಡಿದವರು ಪೂರ್ಮ ಬ್ಯಾನರ್ಜಿ.

ಈಗ ಮ್ಯಾರಥಾನ್ ದೂರದ ವಿಷಯಕ್ಕೆ ಬರುತ್ತೇನೆ. ಚೌಗುಲೆಯವರ ಸಮಯವನ್ನು ಅರ್ಥಮಾಡಿಕೊಳ್ಳಲು ಇದು ಬೇಕು. ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್ ಎಂದು ಇಂದು ಎಲ್ಲರೂ ಹೇಳುತ್ತೇವೆ. ಮೊದಲು ಹಾಗಿರಲಿಲ್ಲ. 1896ರಲ್ಲಿ ಅಥೆನ್ಸ್‌ನಲ್ಲಿ ಓಡಿದ್ದು ಸುಮಾರು 40 ಕಿಲೋಮೀಟರ್. 1908ರಲ್ಲಿ ಲಂಡನ್‌ನಲ್ಲಿ 42.195. 1912ರಲ್ಲಿ ಸ್ಟಾಕ್‌ಹೋಮ್‌ನಲ್ಲಿ 40.2. 1920ರಲ್ಲಿ ಆಂಟ್‌ವರ್ಪ್‌ನಲ್ಲಿ 42.75. ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ ಮ್ಯಾರಥಾನ್ ಅದು. ಮರುವರ್ಷ, 1921ರಲ್ಲಿ, ಅಂತರರಾಷ್ಟ್ರೀಯ ಸಂಸ್ಥೆ 42.195 ಎಂದು ದೂರವನ್ನು ನಿಗದಿಮಾಡಿತು. ಆದ್ದರಿಂದ ಚೌಗುಲೆಯವರು ಓಡಿದ ದೂರವನ್ನು ಅದಕ್ಕಿಂತ ಮುಂಚೆಯೂ ಅದರ ನಂತರವೂ ಯಾವ ಒಲಿಂಪಿಕ್ ಮ್ಯಾರಥಾನ್‌ನಲ್ಲೂ ಯಾರೂ ಓಡಿಲ್ಲ.

42.75 ಕಿಲೋಮೀಟರ್ ಎಂದರೆ ಎಷ್ಟು? ನಮ್ಮ ಊರಿನ ಲೆಕ್ಕದಲ್ಲಿ ಹೇಳುತ್ತೇನೆ. ಉಡುಪಿಯಿಂದ ಹೊರಟು ಮಣಿಪಾಲ ಏರಿ, ಪರ್ಕಳ, ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳ ತಲುಪಿದರೂ ಓಟ ಮುಗಿಯುವುದಿಲ್ಲ. ಕಾರ್ಕಳದ ಪೇಟೆ ದಾಟಿ ಇನ್ನೂ ಕೆಲವು ಕಿಲೋಮೀಟರ್ ಓಡಬೇಕು. ಬಸ್ಸಿನಲ್ಲಿ ಕುಳಿತು ಹೋದರೂ ನಮಗೆ ಬೇಸರ ತರುವ ದೂರ ಅದು.

ಓಟ ನಡೆದದ್ದು 1920ರ ಆಗಸ್ಟ್ 22ರಂದು. ಚಳಿ, ಜೊತೆಗೆ ಮಳೆ. ಸ್ಟೇಡಿಯಂನಿಂದ ಹೊರಟು ರಸ್ತೆಯಲ್ಲಿ ಓಡಿ ಮತ್ತೆ ಸ್ಟೇಡಿಯಂಗೆ ಬರಬೇಕು. ಆರಂಭದ ಗೆರೆಯಲ್ಲಿ ನಿಂತವರು 48 ಮಂದಿ. ಅವರಲ್ಲಿ ಎಲ್ಲರ ಕಣ್ಣು ಇದ್ದದ್ದು ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್ ಮೇಲೆ. ಅವರು ವೃತ್ತಿಯಲ್ಲಿ ಗಾರೆ ಕೆಲಸದವರು. 1912ರ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದಿದ್ದರು. ಆಮೇಲೆ ಅಮೆರಿಕಕ್ಕೆ ಹೋಗಿ ಅಲ್ಲಿ ಮ್ಯಾರಥಾನ್ ಓಟಗಳಲ್ಲಿ ಪಳಗಿದ್ದರು. ಇನ್ನೊಬ್ಬರು ದಕ್ಷಿಣ ಆಫ್ರಿಕಾದ ಕ್ರಿಶ್ಚಿಯನ್ ಗಿಟ್ಶಮ್, 1912ರ ಮ್ಯಾರಥಾನ್‌ನಲ್ಲಿ ಬೆಳ್ಳಿ ಗೆದ್ದವರು.

ಇಂಥವರ ನಡುವೆ ಬೆಳಗಾವಿಯ ಚೌಗುಲೆ. ಗಿಟ್ಶಮ್ ಅರ್ಧ ದಾರಿಯವರೆಗೆ ಮುಂಚೂಣಿಯಲ್ಲಿದ್ದರೂ ಓಟ ಮುಗಿಸಲಾಗದೆ ನಿಂತುಬಿಟ್ಟರು. ನಮ್ಮ ದಾತಾರ್ ಅವರಿಗೂ ಮುಗಿಸಲಾಗಲಿಲ್ಲ. ಕೊಲೆಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡಿನಲ್ಲಿ ಬಂದು ಗೆದ್ದರು. ಅವರ ಹಿಂದೆ ಹದಿಮೂರು ಸೆಕೆಂಡಿನೊಳಗೆ ಎಸ್ಟೋನಿಯಾದ ಯೂರಿ ಲಾಸ್‌ಮನ್ ಬಂದರು. ಎರಡೂವರೆ ಗಂಟೆ ಓಡಿ ಹದಿಮೂರು ಸೆಕೆಂಡಿನಲ್ಲಿ ಚಿನ್ನ ತಪ್ಪಿತು. ಮೂರನೆಯವರಾದ ಇಟಲಿಯ ವಲೇರಿಯೊ ಆರ್ರಿ ಗೆರೆ ದಾಟಿದ ಖುಷಿಯಲ್ಲಿ ಮೂರು ಸಲ ಲಾಗ ಹಾಕಿದರಂತೆ.

ಚೌಗುಲೆಯವರು ಆಗ ಇನ್ನೂ ರಸ್ತೆಯಲ್ಲೇ ಇದ್ದರು. ಮಳೆಯಲ್ಲಿ ಓಡುತ್ತಾ ಅವರು 19ನೆಯವರಾಗಿ ಬಂದರು. ಸಮಯ 2 ಗಂಟೆ 50 ನಿಮಿಷ 45 ಸೆಕೆಂಡು.

ಈ ಅಂಕಿಯನ್ನು ಓದಿದ ಮೇಲೆ ನಾನು ಕ್ಯಾಲ್ಕುಲೇಟರ್ ಹಿಡಿದು ಕುಳಿತೆ. ಗೆದ್ದವರಿಗೂ ಚೌಗುಲೆಯವರಿಗೂ ಇದ್ದ ಅಂತರ 18 ನಿಮಿಷಕ್ಕೆ ಸ್ವಲ್ಪ ಹೆಚ್ಚು. ಅಂದರೆ ಶೇಕಡಾ 12ರಷ್ಟು ಹಿಂದೆ. ಸರಾಸರಿ ವೇಗದ ಲೆಕ್ಕದಲ್ಲಿ, ಕೊಲೆಮೈನೆನ್ ಗೆರೆ ದಾಟಿದಾಗ ಚೌಗುಲೆಯವರಿಗೆ ಇನ್ನೂ ನಾಲ್ಕೂವರೆ ಕಿಲೋಮೀಟರ್ ಬಾಕಿ. ಹೆಚ್ಚುಕಡಿಮೆ ಉಡುಪಿ ಪೇಟೆಯಿಂದ ಮಣಿಪಾಲದ ಟೈಗರ್ ಸರ್ಕಲ್‌ನಷ್ಟು ದೂರ. ಯುರೋಪಿನವರಿಗೆ ಸಮನಾಗಿ ಓಡುತ್ತಾರೆ ಎಂಬ ನಿರೀಕ್ಷೆಯ ಮುಂದೆ ಇದು ದೊಡ್ಡ ಕೊರತೆ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ನಮ್ಮ ನಾಡಿನವರು ಎಂಬ ಕಾರಣಕ್ಕೆ ಅಂಕಿಯನ್ನು ತಿದ್ದಲು ಬರುವುದಿಲ್ಲ.

ಆದರೆ ಲೆಕ್ಕ ಅಲ್ಲಿಗೆ ನಿಲ್ಲಲಿಲ್ಲ. 42.75 ಕಿಲೋಮೀಟರನ್ನು ಅವರ ಸಮಯಕ್ಕೆ ಭಾಗಿಸಿದೆ. ಒಂದು ಕಿಲೋಮೀಟರಿಗೆ ನಾಲ್ಕು ನಿಮಿಷಕ್ಕಿಂತ ಒಂದು ಚೂರು ಕಡಿಮೆ. ಇಂದಿನ 42.195 ಕಿಲೋಮೀಟರನ್ನು ಅದೇ ವೇಗದಲ್ಲಿ ಓಡಿದ್ದರೆ 2 ಗಂಟೆ 48 ನಿಮಿಷ 32 ಸೆಕೆಂಡು ಆಗುತ್ತಿತ್ತು. ಹೆಚ್ಚುವರಿ 555 ಮೀಟರ್ ಅವರಿಂದ ಎರಡು ನಿಮಿಷಕ್ಕೂ ಹೆಚ್ಚು ಸಮಯ ತಿಂದಿತ್ತು.

ಕಿಲೋಮೀಟರಿಗೆ ನಾಲ್ಕು ನಿಮಿಷ ಎಂಬುದು ಕಾಗದದ ಮೇಲೆ ಸುಲಭವಾಗಿ ಕಂಡಿತು. ಅದು ಹೇಗಿರುತ್ತದೆ ಎಂದು ತಿಳಿಯಲು ಒಂದು ಭಾನುವಾರ ಫಜ್ರ್ ನಮಾಜ್ ಮುಗಿಸಿ, ಗೆಳೆಯನನ್ನು ಕರೆದುಕೊಂಡು ಅಜ್ಜರಕಾಡಿನ ಕ್ರೀಡಾಂಗಣಕ್ಕೆ ಹೋದೆ. 400 ಮೀಟರ್ ಸುತ್ತಿಗೆ 96 ಸೆಕೆಂಡು ಬರಬೇಕು. ಐದು ಸುತ್ತು, ಅಂದರೆ ಎರಡು ಕಿಲೋಮೀಟರ್, ಎಂಟು ನಿಮಿಷದಲ್ಲಿ ಮುಗಿಸುವುದು ನನ್ನ ಗುರಿ. ಗೆಳೆಯ ಮೊಬೈಲಿನಲ್ಲಿ ಸಮಯ ಹಿಡಿದ. ಮೊದಲ ಸುತ್ತು 88 ಸೆಕೆಂಡು. ಇಷ್ಟೇನಾ ಅನಿಸಿತು. ಎರಡನೆಯದು 93. ಮೂರನೆಯದು 97. ನಾಲ್ಕನೆಯದರಲ್ಲಿ ಪಕ್ಕೆ ಹಿಡಿದುಕೊಂಡಿತು, 103. ಐದನೆಯದು 108. ಒಟ್ಟು 8 ನಿಮಿಷ 9 ಸೆಕೆಂಡು. ಎಂಟು ನಿಮಿಷದ ಗುರಿಗೆ ಒಂಬತ್ತು ಸೆಕೆಂಡು ಕೊರತೆ. ಹುಲ್ಲಿನ ಮೇಲೆ ಕುಳಿತು ಉಸಿರು ಬಿಡುತ್ತಾ ಮತ್ತೆ ಲೆಕ್ಕ ಹಾಕಿದೆ. ನಾನು ಓಡಿದ್ದು ಐದು ಸುತ್ತು. ಚೌಗುಲೆಯವರು ಓಡಿದ್ದು ಅಂಥ 107 ಸುತ್ತುಗಳಿಗೆ ಸಮನಾದ ದೂರ. 'ಬರೀ ಹತ್ತೊಂಬತ್ತನೇ ಸ್ಥಾನ' ಎಂಬ ಮಾತು ಆಮೇಲೆ ನನ್ನ ಬಾಯಿಂದ ಬರಲಿಲ್ಲ.

ಆ 18 ನಿಮಿಷ ಎಲ್ಲಿ ಹೋಯಿತು? ನನಗೆ ತೋಚಿದ ಕೆಲವು ಕಾರಣಗಳನ್ನು ಹೇಳುತ್ತೇನೆ. ಕೊಲೆಮೈನೆನ್ ವರ್ಷಗಟ್ಟಲೆ ಬಲವಾದ ಎದುರಾಳಿಗಳ ಜೊತೆ ಓಡಿ ಬೆಳೆದವರು. ನಮ್ಮ ತಂಡಕ್ಕೆ ಸಿಕ್ಕಿದ್ದು ಕೆಲವು ವಾರಗಳ ತರಬೇತಿ, ಅದೂ ಹೊಸ ದೇಶದಲ್ಲಿ, ಹೊಸ ಹವೆಯಲ್ಲಿ, ಹೊಸ ಊಟದಲ್ಲಿ. ಇನ್ನೊಂದು ಕಾರಣ ಎಲ್ಲ ಓಟಗಾರರಿಗೂ ಸೇರಿದ್ದು. ನಮ್ಮ ದೇಹ ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಕೂಡಿಡುವ ಸಕ್ಕರೆ ಅಂಶ ವೇಗದ ಓಟಕ್ಕೆ ಸುಮಾರು 30 ಕಿಲೋಮೀಟರ್ ಸಾಕಾಗುತ್ತದೆ. ಅದು ಖಾಲಿಯಾದರೆ ಕಾಲು ಕಬ್ಬಿಣದಂತೆ ಭಾರವಾಗುತ್ತದೆ. ಆದ್ದರಿಂದ ಇಂದಿನ ಓಟಗಾರರು ದಾರಿಯಲ್ಲೇ ಸಕ್ಕರೆ ಇರುವ ಪಾನೀಯ ಕುಡಿಯುತ್ತಾ ಓಡುತ್ತಾರೆ. 1920ರಲ್ಲಿ ಇದು ಗೊತ್ತಿರಲಿಲ್ಲ. 1924ರಲ್ಲಿ ಬಾಸ್ಟನ್ ಮ್ಯಾರಥಾನ್ ಮುಗಿಸಿದವರ ರಕ್ತವನ್ನು ವೈದ್ಯರು ಪರೀಕ್ಷಿಸಿದಾಗ ಕೆಲವರಲ್ಲಿ ಸಕ್ಕರೆ ತೀರಾ ಇಳಿದಿರುವುದು ಕಂಡಿತು. ಮರುವರ್ಷ ಓಟಗಾರರಿಗೆ ದಾರಿಯಲ್ಲಿ ಮಿಠಾಯಿ ಕೊಟ್ಟು ನೋಡಿದಾಗ ಅವರ ಸ್ಥಿತಿ ಎಷ್ಟೋ ಉತ್ತಮವಾಗಿತ್ತು. ಚೌಗುಲೆಯವರು ಓಡಿ ನಾಲ್ಕು ವರ್ಷ ಆದ ಮೇಲೆ ತಿಳಿದ ವಿಷಯ ಇದು.

ಆ ತಂಡದ ಯಾರಿಗೂ ಪದಕ ಸಿಗಲಿಲ್ಲ. ಕುಸ್ತಿಪಟು ಶಿಂಧೆ ನಾಲ್ಕನೆಯವರಾದರು, ಪದಕಕ್ಕೆ ಒಂದೇ ಮೆಟ್ಟಿಲು ಕೆಳಗೆ. ಚೌಗುಲೆಯವರಿಗೆ ಆಂಟ್‌ವರ್ಪ್ ಮೊದಲ ಮತ್ತು ಕೊನೆಯ ಒಲಿಂಪಿಕ್ಸ್. ಮುಂದೆ ಅವರು ಮತ್ತೆ ಒಲಿಂಪಿಕ್ಸ್‌ನಲ್ಲಿ ಓಡಲಿಲ್ಲ.

ಆದರೆ ಅವರು ಹೋಗಿ ಬಂದದ್ದು ವ್ಯರ್ಥವಾಗಲಿಲ್ಲ. ಮುಂದಿನ ಸಲ ಹೋಗಬೇಕಾದರೆ ಎಷ್ಟು ಸಮಯದಲ್ಲಿ ಓಡಬೇಕು ಎಂಬುದು ಈಗ ಊಹೆಯ ವಿಷಯವಾಗಿ ಉಳಿಯಲಿಲ್ಲ. ಪ್ರಾಂತ್ಯಗಳಲ್ಲಿ ಕ್ರೀಡಾಕೂಟಗಳು ನಡೆದವು, 1924ರಲ್ಲಿ ಪ್ಯಾರಿಸ್‌ಗೆ ಹೆಚ್ಚು ಕ್ರೀಡಾಪಟುಗಳು ಹೋದರು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಸ್ಥಾಪನೆಯಾಯಿತು. ಅದರ ಮೊದಲ ಅಧ್ಯಕ್ಷರು ಅದೇ ಡೊರಾಬ್ಜಿ ಟಾಟಾ. ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಭಾರತದ ಹಾಕಿ ತಂಡ ಚಿನ್ನ ಗೆದ್ದಿತು. ಟಾಟಾರವರು 1932ರಲ್ಲಿ ತೀರಿಕೊಂಡರು, ಆ ಚಿನ್ನವನ್ನು ನೋಡಿಯೇ ಹೋದರು.

ಮ್ಯಾರಥಾನ್‌ನಲ್ಲಿ ಮಾತ್ರ ಮುನ್ನಡೆ ಅಷ್ಟು ಬೇಗ ಆಗಲಿಲ್ಲ. 1952ರಲ್ಲಿ ಹೆಲ್ಸಿಂಕಿಯಲ್ಲಿ ಸೂರತ್ ಸಿಂಗ್ ಮಾಥುರ್ ಸ್ವತಂತ್ರ ಭಾರತದ ಪರವಾಗಿ ಓಡಿ ಮುಗಿಸಿದರು. ಅವರ ಸಮಯ 2 ಗಂಟೆ 58 ನಿಮಿಷ 9 ಸೆಕೆಂಡು. 32 ವರ್ಷ ಕಳೆದರೂ ಚೌಗುಲೆಯವರ ಸಮಯ, ಅದೂ ಹೆಚ್ಚು ದೂರ ಓಡಿದ ಸಮಯ, ಮುಂದೆಯೇ ಇತ್ತು. ಆ ವರ್ಷ ಗೆದ್ದ ಎಮಿಲ್ ಝಾಟೊಪೆಕ್‌ಗೂ ಮಾಥುರ್ ಅವರಿಗೂ 35 ನಿಮಿಷದ ಅಂತರ. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಬಿಹಾರದ ಶಿವನಾಥ್ ಸಿಂಗ್ 2 ಗಂಟೆ 16 ನಿಮಿಷ 22 ಸೆಕೆಂಡಿನಲ್ಲಿ ಓಡಿ 11ನೆಯವರಾದರು. ಅವರಿಗೂ ಗೆದ್ದವರಿಗೂ ಅಂತರ ಆರೂವರೆ ನಿಮಿಷ. ಶಿವನಾಥ್ 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷದಲ್ಲಿ ಓಡಿ ಮಾಡಿದ ರಾಷ್ಟ್ರೀಯ ದಾಖಲೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ಶಿವನಾಥ್ ಕೂಡ ಬರಿಗಾಲಿನಲ್ಲಿ ಓಡಿ ಹೆಸರಾದವರು. ಪುಣೆಯಲ್ಲಿ ಟಾಟಾರವರು ಕಂಡ ಹುಡುಗರನ್ನು ಇದು ನೆನಪಿಸುತ್ತದೆ.

18 ನಿಮಿಷ, 35 ನಿಮಿಷ, ಆರೂವರೆ ನಿಮಿಷ. ಈ ಮೂರು ಅಂಕಿಗಳನ್ನು ಬರೆದು ನೋಡುವಾಗ ನಮ್ಮ ಅಕೌಂಟ್ಸ್ ಪಾಠದ ತುಲನಾತ್ಮಕ ತಃಖ್ತೆ ನೆನಪಾಯಿತು. ಅದರಲ್ಲಿ ಕಳೆದ ವರ್ಷಕ್ಕೊಂದು ಕಾಲಂ, ಈ ವರ್ಷಕ್ಕೊಂದು ಕಾಲಂ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಾತ್ರ ಹೆಚ್ಚಳವೋ ಇಳಿಕೆಯೋ ಎಂದು ಹೇಳಬಹುದು. ಕಳೆದ ವರ್ಷದ ಕಾಲಂ ಖಾಲಿ ಇದ್ದರೆ ಈ ವರ್ಷದ ಅಂಕಿ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ಬರುವುದಿಲ್ಲ. 1920ರಲ್ಲಿ ಭಾರತದ ಮ್ಯಾರಥಾನ್ ತಃಖ್ತೆಯಲ್ಲಿ ಆ ಹಳೆಯ ಕಾಲಂ ಪೂರ್ತಿ ಖಾಲಿ. ಚೌಗುಲೆಯವರನ್ನು ಹೋಲಿಸಲು ಹಿಂದೆ ಯಾವ ಭಾರತೀಯನೂ ಇರಲಿಲ್ಲ. ಅದಕ್ಕೇ ಅವರನ್ನು ಕೊಲೆಮೈನೆನ್ ಜೊತೆ ಹೋಲಿಸಬೇಕಾಯಿತು, ಹೋಲಿಸಿದಾಗ ಕೊರತೆ ಕಂಡಿತು. ಅವರ ನಂತರ ಓಡಿದವರಿಗೆ ಮಾತ್ರ ಒಂದು ಅಂಕಿ ಇತ್ತು.

ಅರ್ಧ ದಾರಿಯಲ್ಲಿ ನಿಂತಿದ್ದರೆ ಆ ಅಂಕಿ ಸಿಗುತ್ತಿರಲಿಲ್ಲ. ಬೆಳ್ಳಿ ಪದಕ ಗೆದ್ದ ಗಿಟ್ಶಮ್ ಅವರಂಥವರೇ ಆ ಮಳೆಯಲ್ಲಿ ನಿಂತಿದ್ದರು, ಚೌಗುಲೆಯವರು ನಿಂತಿದ್ದರೂ ಯಾರೂ ತಪ್ಪು ಹೇಳುತ್ತಿರಲಿಲ್ಲ. ಗೆಲ್ಲುವ ಆಸೆ ಹೋದ ಮೇಲೆಯೂ ಅವರು ಓಡಿ ಮುಗಿಸಿದರು. ಎಷ್ಟು ಹಿಂದೆ ಬಿದ್ದಿದ್ದೇವೆ ಎಂಬುದು ಅವರು ಗೆರೆ ಮುಟ್ಟಿದ್ದರಿಂದಲೇ ನಮಗೆ ತಿಳಿಯಿತು.

ನಮ್ಮ ಕಾಲೇಜಿನಲ್ಲಿ ವಾರ್ಷಿಕ ಕ್ರೀಡಾಕೂಟ ಮುಗಿದ ಮೇಲೆ ಸೂಚನಾ ಫಲಕದಲ್ಲಿ ಮೊದಲ ಮೂವರ ಹೆಸರು ಹಾಕುತ್ತಾರೆ. ಪರೀಕ್ಷೆಯ ಫಲಿತಾಂಶದ ದಿನವೂ ಅಷ್ಟೇ, ಫೋಟೋ ಬರುವುದು ಹೆಚ್ಚು ಅಂಕ ಪಡೆದವರದ್ದು. ಅದರಲ್ಲಿ ತಪ್ಪೇನಿಲ್ಲ, ಗೆದ್ದವರಿಗೆ ಗೌರವ ಸಲ್ಲಬೇಕು. ಆದರೆ ನಮ್ಮಲ್ಲಿ ಹೆಚ್ಚಿನವರು ಫಲಕದಲ್ಲಿ ಹೆಸರಿಲ್ಲದವರು. ಮನೆಯಲ್ಲಿ ಮೊದಲ ಬಾರಿಗೆ ಪಿಯುಸಿ ಮೆಟ್ಟಿಲು ಹತ್ತಿದವರು ನಮ್ಮ ತರಗತಿಯಲ್ಲೇ ಎಷ್ಟೋ ಮಂದಿ ಇದ್ದಾರೆ, ಹುಡುಗಿಯರಲ್ಲಂತೂ ಇನ್ನೂ ಹೆಚ್ಚು. 90 ಬೇಕೆಂದು ಓದಿ 71 ಬಂದಾಗ ಅವರು ತಮ್ಮನ್ನು ಪಕ್ಕದ ಬೆಂಚಿನವರ ಜೊತೆ ಹೋಲಿಸಿ ಕುಗ್ಗುತ್ತಾರೆ. ಅವರ ಮನೆಯ ತಃಖ್ತೆಯಲ್ಲಿ ಹಿಂದಿನ ಕಾಲಂ ಖಾಲಿ ಇದೆ ಎಂಬುದು ಅವರಿಗೆ ನೆನಪಿಗೆ ಬರುವುದಿಲ್ಲ. ಮುಂದೆ ಅವರ ತಮ್ಮನೋ ತಂಗಿಯೋ ಕಾಲೇಜಿಗೆ ಬಂದಾಗ ಹೋಲಿಸಲು ಆ 71 ಇರುತ್ತದೆ.

ಚೌಗುಲೆಯವರ ಬಗ್ಗೆ ಬರೆಯಬೇಕೆಂದು ನನಗೆ ಅನಿಸಿದ್ದು ಈ ಕಾರಣಕ್ಕೆ. ನಾನಂತೂ ಅಜ್ಜರಕಾಡಿಗೆ ಹೋಗುವುದನ್ನು ಬಿಟ್ಟಿಲ್ಲ. ಆ ಒಂಬತ್ತು ಸೆಕೆಂಡಿನಲ್ಲಿ ಈಗ ಆರು ಉಳಿದಿದೆ. ನನ್ನ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದೇನೆ. ಜೊತೆಗೆ ಓಡಲು ಮನಸ್ಸಿರುವವರು ಭಾನುವಾರ ಬೆಳಗ್ಗೆ ಬರಬಹುದು. ಸಮಯ ಹಿಡಿಯಲು ನನ್ನ ಗೆಳೆಯ ಇದ್ದೇ ಇರುತ್ತಾನೆ.